ಅಂಗಳ ಇರುವ ಮನೆಗೆ ಸೊಳ್ಳೆ ಕಾಟ: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಗೋವಾದಲ್ಲಿ ಜೂನ್ ಮಳೆ ಹಿಡಿಯುತ್ತಿದ್ದಂತೆ ಅಂಗಡಿಗಳ ಮುಂದಿನ ಸಾಲಿಗೆ ಸೊಳ್ಳೆಯ ಸಾಮಾನು ಬಂದು ಕೂರುತ್ತದೆ. ಕಾಯಿಲ್, ಲಿಕ್ವಿಡ್, ಬ್ಯಾಟ್, ಕ್ರೀಮು, ನೀಲಿ ದೀಪದ ಪೆಟ್ಟಿಗೆ. ಫೋಂಡಾ, ಮಡಗಾಂವ್, ವಾಸ್ಕೊ ಕಡೆ ಇರುವ ನಮ್ಮ ಕನ್ನಡದವರ ಮನೆಗಳಿಗೆ ಹೋದರೆ ಇವೆಲ್ಲ ಒಂದೊಂದು ಸಿಗುತ್ತವೆ. ಆದರೂ ಸಂಜೆ ಆಯಿತೆಂದರೆ ಬಾಗಿಲು ಹಾಕಿಕೊಂಡು ಕೂರುವುದು ತಪ್ಪಿಲ್ಲ. ಅಂಗಡಿಯಲ್ಲಿ ಎಲ್ಲವನ್ನೂ ಸೊಳ್ಳೆ ಮದ್ದು ಅಂತಲೇ ಕೊಡುತ್ತಾರೆ. ಸೊಳ್ಳೆ ಮಾತ್ರ ಒಂದೇ ಜಾತಿಯದಲ್ಲ. ರಾತ್ರಿ ಕಿವಿಯ ಹತ್ತಿರ ಗುಂಯ್ ಅನ್ನುವುದನ್ನು ತಡೆಯುವ ಉಪಾಯ, ಹಗಲು ಕಾಲಿಗೆ ಕಚ್ಚಿ ಡೆಂಗ್ಯೂ ತರುವುದಕ್ಕೆ ಏನೇನೂ ಸಾಲದು.

ನನ್ನ ಒಲವು ಯಾವ ಕಡೆಗೆ ಎಂದು ಮೊದಲೇ ಹೇಳಿಬಿಡುತ್ತೇನೆ. ಮೊದಲ ಖರ್ಚು ಅಂಗಳದ ನೀರಿನ ಮೇಲೆ, ಎರಡನೆಯದು ಜಾಲರಿ ಅಥವಾ ಸೊಳ್ಳೆ ಪರದೆಯ ಮೇಲೆ. ಉರಿಸುವುದು, ಹಚ್ಚುವುದು, ಸಿಂಪಡಿಸುವುದು ಎಲ್ಲ ಅದರ ನಂತರ. ಆದರೆ ಎಲ್ಲ ಮನೆಗೂ ಇದೇ ಲೆಕ್ಕ ಹೊಂದುವುದಿಲ್ಲ.

ಕಚ್ಚುವ ಹೊತ್ತು ನೋಡಿ

ಸೂಕ್ಷ್ಮದರ್ಶಕ ಏನೂ ಬೇಡ. ಯಾವ ಹೊತ್ತಿಗೆ, ಎಲ್ಲಿ ಕುಳಿತಾಗ ಕಚ್ಚುತ್ತಿದೆ ಎಂದು ಎರಡು ಮೂರು ದಿನ ಗಮನಿಸಿದರೆ ಸಾಕು.

ಬೆಳಗ್ಗೆ ತುಳಸಿಗೆ ನೀರು ಹಾಕುವಾಗ, ಸಂಜೆ ಬಿಸಿಲು ಇಳಿಯುವ ಮುಂಚೆ ಬಟ್ಟೆ ತೆಗೆಯುವಾಗ ಮೊಣಕಾಲಿನ ಕೆಳಗೆ ಕಚ್ಚಿದರೆ ಅದು ಈಡಿಸ್. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟಿ. ಡೆಂಗ್ಯೂ, ಚಿಕೂನ್‌ಗುನ್ಯಾ ಎರಡನ್ನೂ ಹೊತ್ತು ತರುವುದು ಇದೇ. ಇದಕ್ಕೆ ಬೇಕಾದ್ದು ಚೂರೇ ಚೂರು ನಿಂತ ನೀರು, ಅದೂ ತಿಳಿಯಾಗಿರಬೇಕು. ಹಾರುವುದೂ ಹೆಚ್ಚು ದೂರವಿಲ್ಲ, ಕೆಲವು ನೂರು ಮೀಟರ್ ಅಷ್ಟೇ. ಅಂದರೆ ನಿಮ್ಮನ್ನು ಕಚ್ಚಿದ ಈಡಿಸ್ ಹುಟ್ಟಿದ್ದು ನಿಮ್ಮ ಅಂಗಳದಲ್ಲೋ ಪಕ್ಕದ ಕಾಂಪೌಂಡಿನಲ್ಲೋ ಇರಬೇಕು.

ರಾತ್ರಿ ದೀಪ ಆರಿಸಿದ ಮೇಲೆ ಗುಂಪಾಗಿ ಬಂದು ನಿದ್ದೆ ಕೆಡಿಸುವುದು ಹೆಚ್ಚಾಗಿ ಕ್ಯೂಲೆಕ್ಸ್. ಅದಕ್ಕೆ ಕೊಳಕು ನೀರೇ ಬೇಕು. ಚರಂಡಿ, ಸೆಪ್ಟಿಕ್ ಟ್ಯಾಂಕು, ಬಚ್ಚಲ ನೀರು ಇಂಗುವ ಗುಂಡಿ.

ಮೂರನೆಯದು ಮಲೇರಿಯಾದ ಅನಾಫಿಲಿಸ್. ಗೋಡೆಯ ಮೇಲೆ ಬಾಲ ಮೇಲೆತ್ತಿ ಓರೆಯಾಗಿ ಕೂರುತ್ತದೆ. ನಮ್ಮ ಊರುಗಳಲ್ಲಿ ಇದರ ಪಟ್ಟಣದ ಜಾತಿ ಬಾವಿ, ತಾರಸಿ ಟ್ಯಾಂಕು, ಕಟ್ಟಡ ಕಟ್ಟುವ ಜಾಗದ ನೀರಿನಲ್ಲಿ ಮರಿ ಮಾಡುತ್ತದೆ. ಮುಂಬೈಯಲ್ಲಿ ಮಲೇರಿಯಾಕ್ಕೂ ಮನೆಬಾವಿಗಳಿಗೂ ಇರುವ ನಂಟನ್ನು ಚಾರ್ಲ್ಸ್ ಬೆಂಟ್ಲಿ ಎಂಬ ವೈದ್ಯ 1911ರ ವರದಿಯಲ್ಲೇ ಬರೆದಿಟ್ಟಿದ್ದಾನೆ. ಗೋವಾದಲ್ಲಿ ಮಲೇರಿಯಾ ಮೊದಲಿಗಿಂತ ಬಹಳ ಕಡಿಮೆಯಾಗಿದೆ. ಆದರೆ ಬಾವಿ ಇನ್ನೂ ಇದೆ, ಕಟ್ಟಡ ಕೆಲಸವಂತೂ ನಿಂತೇ ಇಲ್ಲ.

ಅಂಗಳ: ಖರ್ಚು ಕಡಿಮೆ, ಫಲ ಜಾಸ್ತಿ

ಝುವಾರಿನಗರದ ಕಡೆ ಬಾಗಲಕೋಟೆಯ ಒಬ್ಬ ಕಾಕಾರ ಮನೆ ಮುಂದೆ ಬಾಯಿ ತೆರೆದ ನೀಲಿ ಡ್ರಮ್ಮು ಇತ್ತು. ಮುಚ್ಚಳ ಎಲ್ಲಿ ಎಂದು ಕೇಳಿದ್ದಕ್ಕೆ ಅವರು, "ನೀರು ಕನ್ನಡಿ ಹಂಗ ತಿಳಿ ಐತಲ್ರೀ ಅಕ್ಕಾರ, ಗುಂಗಾಡು ಹುಟ್ಟೋದು ಗಟಾರದಾಗ" ಅಂದರು. ಬಹಳ ಜನ ಹೀಗೇ ನಂಬಿದ್ದಾರೆ. ಟಾರ್ಚ್ ಬಿಟ್ಟು ನೋಡಿದರೆ ಡ್ರಮ್ಮಿನ ತುಂಬ ಮರಿಹುಳುಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಗಟಾರದಲ್ಲಿ ಹುಟ್ಟುವುದೂ ನಿಜ, ಆದರೆ ಡೆಂಗ್ಯೂ ಸೊಳ್ಳೆಗೆ ಗಟಾರ ಬೇಡ, ಕಾಕಾರ ಡ್ರಮ್ಮೇ ಬೇಕು.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಸೆಕೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಂದು ಸಲ ಅಂಗಳ ಸುತ್ತಿ ನೀರು ಚೆಲ್ಲಿದರೆ ಆ ಸಾಲು ಪೂರ್ತಿ ಕಡಿಯುತ್ತದೆ. ಆರೋಗ್ಯ ಇಲಾಖೆಯವರು ವಾರಕ್ಕೊಂದು ಒಣ ದಿನ ಇಟ್ಟುಕೊಳ್ಳಿ ಅನ್ನುವುದೂ ಇದಕ್ಕೇ. ಆದರೆ ಬರೀ ಚೆಲ್ಲಿದರೆ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಪಾತ್ರೆಯ ಒಳಗೋಡೆಗೆ. ಅಲ್ಲಿ ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ತುಂಬಿದ ದಿನ ಮರಿಯಾಗುತ್ತದೆ. ಅದಕ್ಕೇ ತೆಂಗಿನ ನಾರಿನಿಂದಲೋ ಬ್ರಷ್ಷಿನಿಂದಲೋ ಒಳಗೋಡೆ ತಿಕ್ಕಿ ತೊಳೆಯಬೇಕು.

ಎಲ್ಲೆಲ್ಲಿ ನೋಡಬೇಕು? ಕುಂಡದ ಕೆಳಗಿನ ತಟ್ಟೆ, ಹಳೇ ಟೈರು ಎಲ್ಲರಿಗೂ ಗೊತ್ತು. ಇಲ್ಲಿನ ಮನೆಗಳಲ್ಲಿ ಕಣ್ಣು ತಪ್ಪುವ ಜಾಗಗಳು ಬೇರೆ. ಹಿತ್ತಲಲ್ಲಿ ಕೆಲಸವಿಲ್ಲದೆ ಬಿದ್ದ ಒರಳುಕಲ್ಲು. ಅದರ ಗುಳಿಯಲ್ಲಿ ಮಳೆಗಾಲವಿಡೀ ನೀರು ನಿಂತಿರುತ್ತದೆ. ಮಗುಚಲು ಆಗದಿದ್ದರೆ ಮಣ್ಣು ತುಂಬಿಸಿ ಒಂದು ಗಿಡ ನೆಡಿ. ಇಲಿ ಕೊರೆದು ಬೀಳಿಸಿದ ತೆಂಗಿನಕಾಯಿ, ಕಾಯಿ ಸುಲಿದ ಮೇಲಿನ ಚಿಪ್ಪು, ಉದುರಿದ ಅಡಿಕೆ ಹಾಳೆ. ಕಟ್ಟಿಗೆ ರಾಶಿ, ಸ್ಕೂಟರ್ ಮೇಲೆ ಹೊದಿಸಿದ ತಾಡಪಾಲಿನ ಮಡಿಕೆ. ಮಾಡಿನ ಅಂಚಿಗೆ ಕಟ್ಟಿದ ತಗಡಿನ ದೋಣಿಯಲ್ಲಿ ಎಲೆ ಸಿಕ್ಕಿಕೊಂಡ ಜಾಗ. ಗೇಟಿನ ಟೊಳ್ಳು ಕಂಬದ ತುದಿ. ಬಿದಿರು ಕಡಿದು ಉಳಿದ ಬುಡ. ಒಳಗೆ ಬಂದರೆ ಫ್ರಿಜ್ಜಿನ ಹಿಂದಿನ ತಟ್ಟೆ, ಮನಿ ಪ್ಲಾಂಟಿನ ಬಾಟಲಿ, ಊರಿಗೆ ಹೋದಾಗ ಬಳಸದೆ ಬಿಟ್ಟ ಕಮೋಡು. ಹಕ್ಕಿಗಳಿಗೆ ಇಟ್ಟ ನೀರಿನ ಬಟ್ಟಲನ್ನು ತೆಗೆಯಬೇಕಿಲ್ಲ, ದಿನ ಬಿಟ್ಟು ದಿನ ತೊಳೆದು ಬದಲಾಯಿಸಿ.

ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ ಗಟ್ಟಿಯಾಗಿರಲಿ, ನೀರು ಉಕ್ಕಿ ಹೊರಹೋಗುವ ಪೈಪಿನ ಬಾಯಿಗೆ ಜಾಲರಿ ಕಟ್ಟಿ. ಮುಚ್ಚಳ ಸರಿಯಿದ್ದೂ ಈ ಪೈಪಿನಿಂದ ಸೊಳ್ಳೆ ನುಗ್ಗುವ ಮನೆಗಳು ಬೇಕಾದಷ್ಟು.

ಬಾವಿಗೆ ಮೀನು, ಡ್ರಮ್ಮಿಗೆ ಮುಚ್ಚಳ

ನೀರು ಚೆಲ್ಲಲು ಆಗದ ಕಡೆ ಆಯ್ಕೆ ಮಾಡಬೇಕಾಗುತ್ತದೆ. ಬಾವಿಗೆ ನನ್ನ ಮತ ಗಪ್ಪಿ ಮೀನಿಗೆ. ತಾನೇ ಮರಿ ಹಾಕಿ ಬೆಳೆಯುತ್ತದೆ, ನೀರು ಸ್ವಲ್ಪ ಕೆಟ್ಟರೂ ತಡೆದುಕೊಳ್ಳುತ್ತದೆ, ಸೊಳ್ಳೆ ಮರಿಗಳನ್ನು ಹುಡುಕಿ ತಿನ್ನುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ, ಸಿಗದಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಅಗ್ಗಕ್ಕೇ ಬರುತ್ತದೆ. ಗ್ಯಾಂಬೂಸಿಯಾ ಎಂಬ ಇನ್ನೊಂದು ಮೀನು ಇನ್ನೂ ಹೆಚ್ಚು ತಿನ್ನುತ್ತದೆ ನಿಜ. 1928ರಿಂದಲೂ ನಮ್ಮ ದೇಶದಲ್ಲಿ ಬಳಕೆಯಲ್ಲಿದೆ. ಆದರೆ ಅದು ಜಗಳಗಂಟಿ ಮೀನು, ಕೆರೆ ಹಳ್ಳಕ್ಕೆ ಸೇರಿದರೆ ಊರಿನ ಸಣ್ಣ ಮೀನು, ಕಪ್ಪೆ ಮರಿಗಳನ್ನು ಬಿಡುವುದಿಲ್ಲ. ಗಪ್ಪಿಯೂ ಹೊರಗಿನದೇ. ಹಾಗಾಗಿ ಯಾವುದನ್ನೂ ಹಳ್ಳ, ಹೊಂಡ, ಗದ್ದೆಗೆ ಬಿಡಬೇಡಿ. ನಿಮ್ಮ ಕಟ್ಟೆ ಕಟ್ಟಿದ ಬಾವಿಯಲ್ಲೇ ಇರಲಿ. ಇನ್ನೊಂದು ಮಾತು: ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಮೀನು ಸಾಯುತ್ತದೆ. ಹಾಕುವ ಮುಂಚೆ ಒಂದಷ್ಟು ಮೀನನ್ನು ಬಕೆಟ್ಟಿಗೆ ಹಿಡಿದಿಟ್ಟು ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆ ಬಿಡಿ.

ಬಾವಿಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಹಾಕಿ ಮುಚ್ಚುವುದೂ ಒಳ್ಳೆಯದೇ. ದಿನಾ ಕೊಡ ಇಳಿಸುವ ಮನೆಯಲ್ಲಿ ಅದು ವಾರದಲ್ಲೇ ಹರಿಯುತ್ತದೆ. ಪಂಪು ಕೂರಿಸಿದ ಬಾವಿಯಾದರೆ ಮಾತ್ರ ಬಲೆ ಹಾಕಿ.

ಡ್ರಮ್ಮಿನಲ್ಲಿ ಮೀನು ಸಾಕುವುದು ಸುಮ್ನೆ ಒದ್ದಾಟ. ಮುಚ್ಚಳ, ಅದಿಲ್ಲದಿದ್ದರೆ ಹಳೇ ಕಾಟನ್ ಸೀರೆ ಎರಡು ಪದರ ಮಾಡಿ ರಬ್ಬರ್ ಟ್ಯೂಬಿನಿಂದ ಬಿಗಿದು ಕಟ್ಟಿ. ಮುಚ್ಚಲೂ ಆಗದು, ಚೆಲ್ಲಲೂ ಆಗದು ಎಂಬಂಥ ತೊಟ್ಟಿ ಇದ್ದರೆ ಮಾತ್ರ ಮರಿ ಕೊಲ್ಲುವ ಮದ್ದು. ಇದರಲ್ಲಿ ಎರಡು ಬಗೆ. ಒಂದು ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ. ಮರಿಹುಳು ತಿಂದರೆ ಹೊಟ್ಟೆ ಒಡೆದು ಸಾಯುತ್ತದೆ. ಮೀನು, ನಾಯಿ, ಮನುಷ್ಯರಿಗೆ ಏನೂ ಆಗದು. ಆದರೆ ಒಂದೆರಡು ವಾರಕ್ಕೆ ಮತ್ತೆ ಹಾಕಬೇಕು. ಇನ್ನೊಂದು ಟೆಮೆಫಾಸ್, ರಾಸಾಯನಿಕ. ಹೆಚ್ಚು ದಿನ ಬಾಳುತ್ತದೆ. ಶೇಕಡಾ 1ರ ಹರಳಾದರೆ 100 ಲೀಟರಿಗೆ 10 ಗ್ರಾಂ, ಆ ಮಿತಿಯೊಳಗೆ ಕುಡಿಯುವ ನೀರಿಗೂ ಹಾಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಳತೆ ತಪ್ಪುವ ಕೈಗೆ ಇದು ಬೇಡ, ಆರೋಗ್ಯ ಕಾರ್ಯಕರ್ತರೇ ಬಂದು ಹಾಕಲಿ. ನನ್ನನ್ನು ಕೇಳಿದರೆ ಮನೆಯವರ ಮಟ್ಟಿಗೆ ಬಿಟಿಐ ಸಾಕು.

ಚರಂಡಿಯ ಕೊಳಕು ನೀರಿಗೆ ಸುಟ್ಟ ಎಂಜಿನ್ ಆಯಿಲ್ ಸುರಿಯುವ ರೂಢಿ ಇದೆ. ಸೊಳ್ಳೆ ಸಾಯುವುದು ಹೌದು. ಆ ಎಣ್ಣೆ ಇಳಿದು ಪಕ್ಕದ ಬಾವಿ ಸೇರುವುದೂ ಹೌದು. ಗೋವಾದ ಮುರಕಲ್ಲು ನೆಲ ನೀರನ್ನು ಎಷ್ಟು ಬೇಗ ಇಳಿಸುತ್ತದೆ ಎಂದು ಗೊತ್ತಲ್ವಾ? ಅದರ ಬದಲು ಗುದ್ದಲಿ ಹಿಡಿದು ನೀರು ಹರಿಯುವ ಹಾಗೆ ಮಾಡುವುದೇ ಮೇಲು.

ರಾತ್ರಿ ಸೊಳ್ಳೆ ವಿಪರೀತ ಇದ್ದರೆ ಸೆಪ್ಟಿಕ್ ಟ್ಯಾಂಕಿನ ಗಾಳಿ ಕೊಳವೆ ನೋಡಿ. ಅದರ ತುದಿಗೆ ಒಂದು ತುಂಡು ನೈಲಾನ್ ಜಾಲರಿ ಕಟ್ಟಿ, ಚಪ್ಪಡಿಯ ಬಿರುಕಿಗೆ ಸಿಮೆಂಟ್ ಮೆತ್ತಿ. ಖರ್ಚು ನೂರು ರೂಪಾಯಿ ದಾಟದು. ಇಷ್ಟೂ ಬರಹದಲ್ಲಿ ಕೊಟ್ಟ ದುಡ್ಡಿಗೆ ಇದರಷ್ಟು ಫಲ ಕೊಡುವುದು ಇನ್ನೊಂದಿಲ್ಲ.

ಜಾಲರಿಯೋ, ಪರದೆಯೋ?

ಸಿಮೆಂಟ್ ಸ್ಲ್ಯಾಬಿನ ಮನೆಗೆ ಕಿಟಕಿ ಜಾಲರಿ. ಹಳೇ ಹೆಂಚಿನ ಮನೆಗೆ ಪರದೆ. ಹೆಂಚಿನ ಮಾಡಿಗೂ ಗೋಡೆಗೂ ನಡುವೆ ಕೈ ತೂರುವಷ್ಟು ಸಂದಿ ಇರುವಾಗ ಕಿಟಕಿಗೆ ಸಾವಿರಾರು ರೂಪಾಯಿಯ ಜಾಲರಿ ಹಾಕಿದರೆ ಏನು ಬಂತು? ಸೊಳ್ಳೆ ಮೇಲಿನಿಂದ ಇಳಿಯುತ್ತದೆ.

ಜಾಲರಿಯಲ್ಲಿ ಅಗ್ಗದ್ದು ವೆಲ್ಕ್ರೊ ಅಂಟಿಸುವುದು. ಬಾಡಿಗೆ ಮನೆಗೆ ಸರಿ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಅಂಟು ಬಿಡುತ್ತದೆ. ಪ್ರತಿ ವರ್ಷ ಪಟ್ಟಿ ಬದಲಾಯಿಸುವ ತಯಾರಿ ಇರಲಿ. ಸ್ವಂತ ಮನೆಯಾದರೆ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಫೈಬರ್ ಗ್ಲಾಸ್ ಜಾಲರಿ ಹಾಕಿಸಿ. ತುಕ್ಕು ಹಿಡಿಯುವುದಿಲ್ಲ. ಬೆಕ್ಕು ಉಗುರು ಹಾಕಿದರೆ, ಇಲಿ ಕಡಿದರೆ ಹರಿಯುತ್ತದೆ, ಅಷ್ಟೇ. ಆ ಕಾಟ ಇರುವವರು ಸ್ಟೀಲ್ ಜಾಲರಿ ಹಾಕಿಸಬಹುದು. ಸಮುದ್ರದ ಹತ್ತಿರದವರು 316 ದರ್ಜೆಯದನ್ನೇ ಕೇಳಿ. 304 ಉಪ್ಪುಗಾಳಿಗೆ ಚುಕ್ಕೆ ಚುಕ್ಕೆಯಾಗಿ ಕಂದುತ್ತದೆ. ಬರೀ ಕಬ್ಬಿಣದ ತಂತಿಯದಂತೂ ಬೇಡವೇ ಬೇಡ. ಮತ್ತೆ, ಕಿಟಕಿಗೆಲ್ಲ ಹಾಕಿ ಅಡುಗೆಮನೆಯ ಹಿಂಬಾಗಿಲಿಗೆ ಹಾಕದೆ ಬಿಡುವವರು ಬಹಳ. ಸಂಜೆ ಹೊತ್ತು ತೆರೆದಿರುವುದು ಅದೇ ಬಾಗಿಲು.

ಪರದೆ ಕೊಳ್ಳುವಾಗ ಒಂದು ಚದರ ಇಂಚಿಗೆ 156 ಕಣ್ಣು ಇದೆಯೇ ಎಂದು ಕೇಳಿ. ಮಾಪುಸಾದ ಶುಕ್ರವಾರದ ಸಂತೆಯಲ್ಲೋ ಮಡಗಾಂವ್ ಮಾರ್ಕೆಟ್ಟಿನಲ್ಲೋ ಅಂಗಡಿಯವರು ನಗಬಹುದು, ಪರವಾಗಿಲ್ಲ. ಸಾದಾ ಪರದೆಯೊಳಗೆ ಮಲಗಿದವರ ಕೈಕಾಲು ಬಟ್ಟೆಗೆ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಕೀಟನಾಶಕ ಸೇರಿಸಿ ನೇಯ್ದ ಪರದೆಯಲ್ಲಿ ಆ ತೊಂದರೆ ಕಡಿಮೆ. ಸುಮಾರು 20 ಸಲ ಒಗೆದರೂ, ಮೂರು ವರ್ಷದವರೆಗೂ ಮದ್ದಿನ ಗುಣ ಉಳಿಯುತ್ತದೆ. ನೆರಳಲ್ಲಿ ಒಣಗಿಸಬೇಕು. ತೊಳೆದ ನೀರನ್ನು ಮೀನಿರುವ ಕಡೆಗೆ ಚೆಲ್ಲಬಾರದು.

ಪರದೆಯ ದೊಡ್ಡ ಮಿತಿ ಗೊತ್ತಿರಲಿ. ಅದು ಮಲಗಿದ ಹೊತ್ತಿಗೆ ಮಾತ್ರ. ಈಡಿಸ್ ಹಗಲಿನದು. ಹಗಲು ಮಲಗುವ ಕೂಸು, ಬಾಣಂತಿ, ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಹಗಲಿನಲ್ಲೂ ಪರದೆ ಕಟ್ಟಿ.

ಉರಿಸುವುದು, ಬಿಸಿ ಮಾಡುವುದು

ಕಾಯಿಲ್ಲಿಗೂ ಲಿಕ್ವಿಡ್ಡಿಗೂ ಹೋಲಿಸಿದರೆ ಒಳಗಿನ ಕೋಣೆಗೆ ಲಿಕ್ವಿಡ್ ವಾಸಿ. ಎರಡರಲ್ಲೂ ಇರುವುದು ಪೈರೆಥ್ರಾಯ್ಡ್ ಜಾತಿಯ ಮದ್ದೇ. ಕಾಯಿಲ್ಲಿನಲ್ಲಿ ಅದರ ಜೊತೆ ಮರದ ಹುಡಿಯೂ ಉರಿಯುತ್ತದೆ. ಚೀನಾ, ಮಲೇಷ್ಯಾದ ಕಾಯಿಲ್‌ಗಳನ್ನು ಪರೀಕ್ಷಿಸಿ 2003ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಒಂದು ಕಾಯಿಲ್ ಉರಿದು ಮುಗಿಯುವಾಗ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು. ಮುಚ್ಚಿದ ಕೋಣೆಯಲ್ಲಿ, ಉಬ್ಬಸದ ಮಗು ಮಲಗಿರುವಾಗ ಅದನ್ನು ಹಚ್ಚುವುದು ಬೇಡ. ಬಲ್ಕಾಂವ್‌ನಲ್ಲಿ, ಅಂದರೆ ಮನೆ ಮುಂದಿನ ಜಗಲಿಯಲ್ಲಿ, ಗಾಳಿಯಾಡುವ ಕಡೆ ಸಂಜೆ ಒಂದು ತಾಸು ಕೂರಲು ಬೇಕಾದರೆ ಹಚ್ಚಿಕೊಳ್ಳಿ.

ಲಿಕ್ವಿಡ್ಡಿನಲ್ಲೂ ಒಂದು ಕಿಟಕಿ ಸ್ವಲ್ಪ ತೆರೆದಿರಲಿ. ಕೋಣೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಹಾಕಲೇಬೇಡಿ, ಪೈರೆಥ್ರಾಯ್ಡ್ ಮೀನಿಗೆ ವಿಷ. ಹಾಕಿದರೂ ಸೊಳ್ಳೆ ಹಾಯಾಗಿ ಓಡಾಡುತ್ತಿದ್ದರೆ ಕಂಪನಿ ಬದಲಾಯಿಸಿ ಹೆಚ್ಚು ಲಾಭವಿಲ್ಲ, ಒಳಗಿನ ಮದ್ದು ಬಹುತೇಕ ಒಂದೇ ಕುಟುಂಬದ್ದು. ಹಲವು ಕಡೆ ಸೊಳ್ಳೆಗಳು ಅದಕ್ಕೆ ಒಗ್ಗಿಹೋಗಿವೆ.

ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಸೊಳ್ಳೆ ಅಗರಬತ್ತಿಯ ವಿಷಯದಲ್ಲಿ ಮಾತ್ರ ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ: ಬೇಡ. ಕೀಟನಾಶಕ ಮಾರಲು 1968ರ ಕಾಯ್ದೆಯಂತೆ ನೋಂದಣಿ ಬೇಕು, ಪೊಟ್ಟಣದ ಮೇಲೆ ಮದ್ದಿನ ಹೆಸರು, ಪ್ರಮಾಣ, ನೋಂದಣಿ ಸಂಖ್ಯೆ ಇರಬೇಕು. ಹೆಸರಿಲ್ಲದ ಪೊಟ್ಟಣಗಳಲ್ಲಿ ಅದು ಯಾವುದೂ ಇರುವುದಿಲ್ಲ. ಅಜ್ಜಿ ಹಾಕುತ್ತಿದ್ದ ಬೇವಿನ ಸೊಪ್ಪು, ತೆಂಗಿನ ಸಿಪ್ಪೆಯ ಹೊಗೆ ಸೊಳ್ಳೆಯನ್ನು ಸ್ವಲ್ಪ ಹೊತ್ತು ದೂರ ಇಡುತ್ತದೆ, ಆದರೆ ಹೊಗೆ ಹೊಗೆಯೇ.

ಮೈಗೆ ಹಚ್ಚುವುದು

ಅಂಗಳದಲ್ಲಿ ಕೆಲಸ ಮಾಡುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಈಡಿಸ್ ವಿರುದ್ಧ ನಿಜವಾಗಿ ಕೆಲಸಕ್ಕೆ ಬರುವುದು ಇದೊಂದೇ. ಆದರೆ ಟ್ಯೂಬಿನ ಹಿಂದೆ ಏನು ಬರೆದಿದೆ ಓದಿ. ಓಡೊಮಾಸ್‌ನಲ್ಲಿ ಸೊಳ್ಳೆ ದೂರ ಇಡುವ ಮದ್ದಾಗಿ ಡೈಇಥೈಲ್ ಬೆಂಜಮೈಡ್ ಇರುತ್ತದೆ. ಡೀಟ್, ಪಿಕಾರಿಡಿನ್ ಇರುವವೂ ಸಿಗುತ್ತವೆ. 2002ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಹೋಲಿಕೆಯಲ್ಲಿ ಸುಮಾರು ಶೇಕಡಾ 24 ಡೀಟ್ ಇದ್ದದ್ದು ಸರಾಸರಿ 5 ಗಂಟೆ ಕಾಯ್ದಿತು. ಸಿಟ್ರೊನೆಲ್ಲಾ ಎಣ್ಣೆಯವು 20 ನಿಮಿಷವೂ ಬಾಳಲಿಲ್ಲ. ಕೈಗೆ ಕಟ್ಟುವ ಪಟ್ಟಿಗಳದ್ದು ಸೊನ್ನೆ. ಮಕ್ಕಳ ಕೈಗೆ ಬಣ್ಣಬಣ್ಣದ ಪಟ್ಟಿ, ಅಂಗಿಗೆ ಸ್ಟಿಕ್ಕರ್ ಅಂಟಿಸಿ ಕಳಿಸುವವರು ಇದನ್ನು ಗಮನಿಸಬೇಕು.

ಎರಡು ತಿಂಗಳೊಳಗಿನ ಕೂಸಿಗೆ ಯಾವ ಕ್ರೀಮೂ ಬೇಡ, ಪರದೆಯೇ ಸಾಕು. ದೊಡ್ಡ ಮಕ್ಕಳಿಗೂ ಅಂಗೈಗೆ, ಕಣ್ಣಿನ ಸುತ್ತ ಹಚ್ಚಬೇಡಿ. ಮಳೆಯಲ್ಲಿ ನೆನೆದರೆ, ಬೆವರಿದರೆ ಮತ್ತೆ ಹಚ್ಚಬೇಕು.

ಕೊಳ್ಳಬೇಡಿ ಎನ್ನುವಂಥವು

ನೀಲಿ ದೀಪದ ಪೆಟ್ಟಿಗೆ. ಚಟಪಟ ಸದ್ದು ಕೇಳಿದರೆ ಮನಸ್ಸಿಗೆ ಖುಷಿ. ಸಾಯುತ್ತಿರುವುದು ಏನು? ಅಮೆರಿಕದ ಡೆಲಾವೇರ್‌ನಲ್ಲಿ ಇಂಥ ಪೆಟ್ಟಿಗೆಗಳಿಗೆ ಬಿದ್ದ 13,789 ಹುಳುಗಳನ್ನು ಎಣಿಸಿದಾಗ ಕಚ್ಚುವ ಜಾತಿಯವು ಬರೀ 31. ಉಳಿದವು ಪತಂಗ, ಜೀರುಂಡೆಯಂಥ ಪಾಪದ ಹುಳುಗಳು. ಸೊಳ್ಳೆಯನ್ನು ಕರೆಯುವುದು ನಮ್ಮ ಉಸಿರು, ಮೈಯ ಬಿಸಿ, ಬೆವರಿನ ವಾಸನೆ. ದೀಪ ಅಲ್ಲ.

ಕೇಳಿಸದ ಸದ್ದು ಮಾಡಿ ಸೊಳ್ಳೆ ಓಡಿಸುತ್ತೇವೆ ಎನ್ನುವ ಪ್ಲಗ್ಗುಗಳು, ಮೊಬೈಲ್ ಆ್ಯಪ್‌ಗಳು. ಬಯಲಿನಲ್ಲಿ ನಡೆದ ಹತ್ತು ಪರೀಕ್ಷೆಗಳನ್ನು ಒಟ್ಟಿಗೆ ನೋಡಿದ 2007ರ ಪರಿಶೀಲನೆ ಏನೂ ಫಲ ಕಾಣಲಿಲ್ಲ. ನರ್ಸರಿಯವರು ಮಾರುವ ಸೊಳ್ಳೆ ಗಿಡ, ನಿಂಬೆ ಹುಲ್ಲು ಕೂಡ ಹಾಗೇ. ಎಣ್ಣೆ ಎಲೆಯ ಒಳಗಿರುತ್ತದೆ, ಗಿಡ ಕುಂಡದಲ್ಲಿ ಸುಮ್ನೆ ನಿಂತರೆ ಸೊಳ್ಳೆಗೆ ಏನಾಗಬೇಕು? ಚಹಾಕ್ಕೆ ಹಾಕಿಕೊಳ್ಳಲು ನಿಂಬೆ ಹುಲ್ಲು ಬೆಳೆಸಿ, ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದ ಹಾಗೆ.

ಬ್ಯಾಟು ಬೇಕು. ಜಾಲರಿ ದಾಟಿ ಬಂದ ನಾಲ್ಕು ಸೊಳ್ಳೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಫ್ಯಾನೂ ಬೇಕು, ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೊಳ್ಳೆ ಬಿರುಸು ಗಾಳಿಯಲ್ಲಿ ಹಾರಲಾರದು, ನಮ್ಮ ಉಸಿರಿನ ಜಾಡೂ ಅದಕ್ಕೆ ತಪ್ಪುತ್ತದೆ. ಬಲ್ಕಾಂವ್‌ನಲ್ಲಿ ಕೂರುವಾಗ ಟೇಬಲ್ ಫ್ಯಾನನ್ನು ನೆಲದ ಮೇಲಿಟ್ಟು ಕಾಲಿನ ಕಡೆ ತಿರುಗಿಸಿ.

ಫಾಗಿಂಗ್ ಮತ್ತು ಪೆಸ್ಟ್ ಕಂಟ್ರೋಲ್

ಪಂಚಾಯಿತಿಯ ಹೊಗೆ ಗಾಡಿ ಬಂದ ದಿನ ಎಲ್ಲರಿಗೂ ಸಮಾಧಾನ. ಆ ಹೊಗೆ ಕೊಲ್ಲುವುದು ಆ ಕ್ಷಣಕ್ಕೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ನೀರಿನಲ್ಲಿರುವ ಮರಿಗೆ ತಾಗುವುದಿಲ್ಲ, ಬೀರುವಿನ ಹಿಂದೆ, ನೇತುಹಾಕಿದ ಬಟ್ಟೆಗಳ ನಡುವೆ ಕೂತ ಈಡಿಸ್‌ಗೆ ತಲುಪುವುದೂ ಕಷ್ಟ. ಓಣಿಯಲ್ಲಿ ಡೆಂಗ್ಯೂ ಬಂದಾಗ ರೋಗ ಹೊತ್ತ ಸೊಳ್ಳೆಗಳನ್ನು ಕೂಡಲೇ ಕಡಿಮೆ ಮಾಡಲು ಅದು ಬೇಕು. ಅದಕ್ಕೆ ಬಿಟ್ಟು ತಿಂಗಳಿಗೊಮ್ಮೆ ಸ್ವಂತ ದುಡ್ಡಿನಲ್ಲಿ ಫಾಗಿಂಗ್ ಮಾಡಿಸುವುದು ದುಡ್ಡು ದಂಡ. ಗಾಡಿ ಬಂದಾಗ ಹೊಗೆ ಒಳಗೂ ಹೋಗಲಿ ಎಂದು ಕಿಟಕಿ ಬಾಗಿಲು ತೆರೆದಿಡಿ. ಅಡುಗೆ, ಕುಡಿಯುವ ನೀರು ಮುಚ್ಚಿಡಿ. ಮಕ್ಕಳನ್ನೂ ಉಬ್ಬಸ ಇರುವವರನ್ನೂ ಅರ್ಧ ಗಂಟೆ ಬೇರೆ ಕಡೆ ಕಳಿಸಿ.

ಪೆಸ್ಟ್ ಕಂಟ್ರೋಲಿನವರು ಗೋಡೆಗೆ ಹೊಡೆಯುವ ಮದ್ದು ಬೇರೆ. ಅದು ಕೆಲವು ವಾರ ನಿಲ್ಲುತ್ತದೆ, ಗೋಡೆಯ ಮೇಲೆ ಕೂತ ಸೊಳ್ಳೆ ಸಾಯುತ್ತದೆ. ಅಂಗಳದ ಗಿಡಗಳಿಗೆ ಹೊಡೆಯಲು ಬಿಡಬೇಡಿ. ಮಳೆಗೆ ತೊಳೆದುಹೋಗುತ್ತದೆ, ಜೇನಿಗೂ ಕೆಡುಕು. ಒಪ್ಪಂದಕ್ಕೆ ಮುಂಚೆ "ಮರಿ ಎಲ್ಲಿದೆ ತೋರಿಸಿ" ಎಂದು ಕೇಳಿ. ಅಂಗಳ ಸುತ್ತಿ ನೋಡದೆ ಪಂಪು ಹೆಗಲಿಗೇರಿಸುವವರು ಬೇಡ.

ನಿಮ್ಮ ಮನೆಗೆ ಯಾವುದು?

ಬಾಯ್ನಾ, ಝುವಾರಿನಗರದ ಸಾಲು ಕೋಣೆಗಳಲ್ಲಿ ಇರುವವರಿಗೆ ಅಂಗಳವಿಲ್ಲ, ಡ್ರಮ್ಮಿದೆ. ಡ್ರಮ್ಮಿಗೆ ಮುಚ್ಚಳ, ಮಲಗಲು ಮದ್ದಿನ ಪರದೆ, ಒಂದು ಫ್ಯಾನು. ಇಷ್ಟಾದರೆ ಲಿಕ್ವಿಡ್ಡಿನ ಖರ್ಚು ಅರ್ಧಕ್ಕೆ ಇಳಿಸಬಹುದು. ಆದರೆ ಇದು ಒಂದು ಮನೆಯವರು ಮಾಡಿದರೆ ಆಗದು, ಸಾಲಿನವರೆಲ್ಲ ಒಂದೇ ದಿನ ಡ್ರಮ್ಮು ತಿಕ್ಕಬೇಕು.

ಬಾವಿ, ತೆಂಗು, ಹೆಂಚಿನ ಮನೆಯ ಹಳ್ಳಿಯವರಿಗೆ ವಾರದ ಸುತ್ತು, ಬಾವಿಗೆ ಗಪ್ಪಿ, ಸೆಪ್ಟಿಕ್ ಕೊಳವೆಗೆ ಜಾಲರಿ, ಹಾಸಿಗೆಗೆ ಪರದೆ. ಅಂಗಳದ ಕೆಲಸಕ್ಕೆ ಉದ್ದ ತೋಳಿನ ಅಂಗಿ ಮತ್ತು ಕ್ರೀಮು.

ಫ್ಲ್ಯಾಟಿನವರು ಜಾಲರಿಗೇ ದುಡ್ಡು ಹಾಕಿ. ಸೊಸೈಟಿಯ ತಾರಸಿ ಟ್ಯಾಂಕು, ಲಿಫ್ಟಿನ ತಳದ ಗುಂಡಿ ಎರಡನ್ನೂ ವಾರಕ್ಕೊಮ್ಮೆ ನೋಡಿಸಿ. ಪುಣೆ, ಮುಂಬೈಯ ಕಟ್ಟಡಗಳಿಗೂ ಇದೇ ಮಾತು.

ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ಕಟ್ಟಿ ನಿಲ್ಲಿಸಿದ ನೀರು, ಕೆಲಸಗಾರರ ತೊಟ್ಟಿ, ತೆರೆದ ಲಿಫ್ಟ್ ಗುಂಡಿ. ನೀವು ಎಷ್ಟೇ ತಿಕ್ಕಿದರೂ ಅಲ್ಲಿಂದ ಬರುತ್ತಲೇ ಇರುತ್ತವೆ. ಮೊದಲು ಮೇಸ್ತ್ರಿಯನ್ನು ಮಾತಾಡಿಸಿ. ಗೋವಾದ ಕಟ್ಟಡ ಕೆಲಸದ ಜಾಗಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಮಂದಿಯೂ ಸಿಗುತ್ತಾರೆ, ಕನ್ನಡದಲ್ಲೇ ಹೇಳಿದರೆ ಕೆಲಸ ಬೇಗ ಆಗುತ್ತದೆ. ನೀರಿನಲ್ಲಿ ಮರಿ ಕಂಡರೆ ಫೋಟೊ ತೆಗೆದಿಡಿ. ವಾರ ಕಳೆದರೂ ನೀರು ಹಾಗೇ ಇದ್ದರೆ ಆ ಫೋಟೊ ಸಮೇತ ಆರೋಗ್ಯ ಕೇಂದ್ರಕ್ಕೂ ಪಂಚಾಯಿತಿಗೂ ಬರೆದು ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಂಡು ಬನ್ನಿ.